ಕಂಬಕ್ಕೆ ಕಿವಿಗೊಟ್ಟ ಅಕ್ಕ

ಅಕ್ಕನ ಬಲಗೈಯ ನಡುಬೆರಳಿನ ಗೆಣ್ಣು ಜಡ್ಡುಗಟ್ಟಿ ಗೋಲಿಯಂತೆ ಉಬ್ಬಿತ್ತು. ಮೆಟ್ಟಿಲು ಹತ್ತುವಾಗ, ಇಳಿಯುವಾಗ ಆ ಗೆಣ್ಣಿನಿಂದ ಕಟ್ಟಡದ ಕಂಬವನ್ನು ಕುಟ್ಟಿ, ಕಿವಿಯಾನಿಸಿ, ಒಂದು ಗಳಿಗೆ ನಿಲ್ಲುತ್ತಿದ್ದರು. ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳಿಗೆ ಅದೊಂದು ತಮಾಷೆ. ಅವರು ತುಸು ಹೆಚ್ಚು ಹೊತ್ತು ನಿಂತರೆ ನಾನು ಮಾತ್ರ ಅಂಜಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಮುಂಬಯಿ ಪಕ್ಕದ ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ ಅವರದು ನಮ್ಮ ಮೇಲಿನ ಮನೆ. ಉಡುಪಿ ಕಡೆಯವರು, ಒಂಟಿ ಜೀವ. ರಬಾಳೆಯಲ್ಲಿ ಕಾಂಕ್ರೀಟು ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ವಿಜಯಪುರದಿಂದ ಸೊಸೆಯಾಗಿ ಬಂದ ನನಗೆ ಅವರು ಅಕ್ಕ. ಅಡುಗೆಮನೆಯಲ್ಲೂ ಲ್ಯಾಬಿನ ಬುದ್ಧಿ ಬಿಟ್ಟವರಲ್ಲ. ನಾನು "ಯಾರರೆ ಬಂದ್ರ?" ಎಂದು ಇನ್ನೊಂದು ಹಿಡಿ ಅಕ್ಕಿ ಹಾಕಹೋದರೆ ಕೈ ಹಿಡಿಯುತ್ತಿದ್ದರು.

"ಬಂದ್ರೆ ಆಗ ಇಡುವ ಮಾರಾಯ್ತಿ. ಈ ಬಿಲ್ಡರುಗಳೂ ನಿನ್ನ ಹಾಗೇ. ಹೆದರಿಕೆಗೆ ಒಂದೊಂದು ಚೀಲ ಸಿಮೆಂಟ್ ಜಾಸ್ತಿ ಸುರಿಯುದು. ಅದನ್ನು ಮಾಡ್ಲಿಕ್ಕೆ ಭಟ್ಟಿಯಿಂದ ಎಷ್ಟು ಹೊಗೆ ಎದ್ದಿರ್ತದೆ, ಗೊತ್ತುಂಟಾ?"

ಹೊಗೆಯ ಸುದ್ದಿಯನ್ನು ಡೊಂಬಿವಲಿಯವರಿಗೆ ಹೇಳಬೇಕೇ? ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಕಿಟಕಿ ಮುಚ್ಚಿ ಕೂರುವವರು ನಾವು.

ಒಂದು ಬೇಸಿಗೆಯಲ್ಲಿ ಸೊಸೈಟಿಯ ಸಭೆ ಸೇರಿತು. "ಪುರಾನಾ ಹೈ, ತೋಡ್ ಡಾಲೋ," ಎಂದರು ಸೆಕ್ರೆಟರಿ. ಹಳೆಯದನ್ನು ಒಡೆದು ಕಟ್ಟುವ ಹೊಸ ಕಟ್ಟಡಕ್ಕೆ ಲಿಫ್ಟ್ ಬರುತ್ತದೆ ಎಂದು ಎಲ್ಲರ ಮುಖ ಅರಳಿತು. ಅಕ್ಕ ಒಬ್ಬರೇ ಎದ್ದು ನಿಂತು ಬೇಡ ಎಂದರು. ಗಟ್ಟಿಯಿರುವ ಕಂಬಗಳನ್ನೆಲ್ಲ ಒಡೆದು ಹೊಂಡಕ್ಕೆ ಸುರಿದು, ಮತ್ತೆ ಅಷ್ಟೇ ಕಬ್ಬಿಣ ಕಾಯಿಸಿ, ಅಷ್ಟೇ ಸಿಮೆಂಟು ಸುಟ್ಟು ತರುವುದು ಯಾವ ಜಾಣತನ, ಕೆಟ್ಟದ್ದನ್ನಷ್ಟೇ ರಿಪೇರಿ ಮಾಡಿಸಿ ಎಂದು ವಾದಿಸಿದರು. ನನಗೆ ಅತ್ತ ದರಿ, ಇತ್ತ ಪುಲಿ. ಒಡೆದರೆ, ಹಾಸಿಗೆ ಹಿಡಿದ ಅತ್ತೆಯನ್ನು ಹೊತ್ತುಕೊಂಡು ಬದಲಾಪುರದಲ್ಲಿ ಬಾಡಿಗೆಮನೆ ಹುಡುಕಬೇಕು. ಒಡೆಯದಿದ್ದರೆ, ಅದೇ ಅತ್ತೆಯ ನೆತ್ತಿಯ ಮೇಲೆ ಬಿರುಕು ಬಿಟ್ಟ ತೊಲೆ. ಕೊನೆಗೆ, ಎಂಜಿನಿಯರ್ ಒಬ್ಬರಿಂದ ಕಟ್ಟಡ ಪರೀಕ್ಷೆ ಮಾಡಿಸಿ ಆಮೇಲೆ ನೋಡೋಣ ಎಂದಾಯಿತು.

ಅವರು ಬರುವ ಮೊದಲೇ ಮಳೆ ಬಂತು. ಒಂದು ಮಧ್ಯಾಹ್ನ ಅಕ್ಕ ನಮ್ಮ ಮನೆಯ ಮೂಲೆಯ ಕಂಬವನ್ನು ಕುಟ್ಟಿದರು. ಮತ್ತೆ ಕುಟ್ಟಿದರು. ಕಂಬದಿಂದ ಕಿವಿ ತೆಗೆದು ಹಿಂದೆ ಸರಿದರು.

"ಅತ್ತೆಯನ್ನು ಎಬ್ಬಿಸು. ಈಗ್ಲೇ ಹೊರಗೆ ನಡೀರಿ."

"ಅಕ್ಕಾರ, ಮೊನ್ನೆ ಗಟ್ಟಿ ಅದ ಅಂದಿದ್ರಲ್ರೀ!"

"ಅಂದಿದ್ದೆ. ಇವತ್ತಿನ ಶಬ್ದ ಬೇರೆ ಉಂಟು. ನನ್ನದು ತಪ್ಪೂ ಇರಬಹುದು. ಅದನ್ನು ಹೊರಗೆ ನಿಂತು ನೋಡುವ."

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಅಕ್ಕ ಮನೆಮನೆಯ ಬಾಗಿಲು ಬಡಿದು ಆ ಬದಿಯವರನ್ನೆಲ್ಲ ಹೊರಡಿಸಿದರು. ಸಂಜೆ ಎಂಜಿನಿಯರ್ ಯಂತ್ರ ಹಿಡಿದು ಬಂದು ಪರೀಕ್ಷಿಸಿದರು. ಸೋರುವ ಪೈಪಿನ ನೀರು ಕುಡಿದು ಕಂಬದೊಳಗಿನ ಸರಳು ತುಕ್ಕು ಹಿಡಿದಿತ್ತು. ಸೆಕ್ರೆಟರಿಗೆ ಗೆದ್ದ ಸಂಭ್ರಮ. ಅಂಗಳದಲ್ಲಿ ತೊಯ್ಯುತ್ತಾ ನಿಂತಿದ್ದ ಅಕ್ಕ ನನ್ನ ಕಡೆ ತಿರುಗಿ ಹೇಳಿದರು: "ಒಂದು ಹಲ್ಲು ಹುಳುಕಾಯ್ತು ಅಂತ ದವಡೆ ಕೀಳ್ತಾರಾ?"

ಎಂಜಿನಿಯರ್ ಉಳಿದ ಕಂಬಗಳನ್ನೂ ಪರೀಕ್ಷಿಸಿ ಅದೇ ಮಾತು ಹೇಳಿದರು. ಆ ಕಂಬಕ್ಕೆ ಆಸರೆ ಕೊಟ್ಟು, ಹೊಸ ಸರಳು ಸುತ್ತಿ, ಕಾಂಕ್ರೀಟು ತುಂಬಿದರು. ಮಳೆಗಾಲವೆಲ್ಲ ಸಾನಪಾಡಾದ ನಾದಿನಿಯ ಮನೆಯಲ್ಲಿ ಕಳೆದು, ನಾವು ನಮ್ಮ ಮನೆಗೇ ಮರಳಿದೆವು.

ಕಾಯಿಲೆ ಬಿದ್ದಾಗ ಅಕ್ಕ ನನ್ನನ್ನು ಕರೆಸಿದರು. "ಪ್ರತಿ ಮಳೆಗಾಲಕ್ಕೆ ಮೊದಲು ಕಂಬ ನೋಡಿಸುದು ಇನ್ನು ನಿನ್ನ ಕೆಲಸ."

"ನಾ ಅಂಜುಬುರುಕಿ ಅಕ್ಕಾರ. ಧೈರ್ಯ ಇದ್ದವರಿಗೆ ಹೇಳ್ರಿ."

"ಧೈರ್ಯ ಇದ್ದವರು ನೋಡುದಿಲ್ಲ ಮಾರಾಯ್ತಿ. ಒಡೆಯದೆ ಉಳಿಸಿದ ಮೇಲೆ ಕಾಯ್ಲಿಕ್ಕೆ ಹೆದರುವವರೇ ಬೇಕು. ಹೆದರಿಕೆ ಆದ್ರೆ ಸಿಮೆಂಟ್ ಸುರೀಬೇಡ, ಇನ್ನೊಮ್ಮೆ ನೋಡು."

ಹುಟ್ಟಿದಾಗಿನಿಂದ ನನ್ನ ಅಂಜಿಕೆಯನ್ನು ಎಲ್ಲರೂ ಆಡಿಕೊಂಡವರೇ. ಅದನ್ನು ನಂಬಿ ಕೆಲಸ ಒಪ್ಪಿಸಿದವರು ಅವರೊಬ್ಬರು. ಕಳೆದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಮೇಲಿನಿಂದ ಯಾರೂ ಕುಟ್ಟುವ ಸದ್ದಿಲ್ಲ, ಅದಕ್ಕೇ ದಿಗಿಲಾಗುತ್ತದೆ.

ಈ ಮೇ ತಿಂಗಳಲ್ಲಿ ಎಂಜಿನಿಯರನ್ನು ನಾನೇ ಕರೆಸಿದೆ. ಎಲ್ಲ ನೋಡಿ, ಸರಿಯಿದೆ ಎಂದು ಚೀಲ ಕಟ್ಟಿದರು. ನನ್ನ ಅಂಜಿಕೆ ಹೋಗಲಿಲ್ಲ. ಮೂಲೆಯ ಕಂಬಕ್ಕೆ ಅಡ್ಡ ನಿಂತು, "ಏಕ್ ಬಾರ್ ಔರ್ ದೇಖೋ ನಾ," ಎಂದು ಇನ್ನೊಮ್ಮೆ ನೋಡಲು ಹೇಳಿದೆ.

ಅವರು ನಕ್ಕರು. ಆದರೆ ಚೀಲವನ್ನು ಮತ್ತೆ ಬಿಚ್ಚಿದರು.