ಒಂದು ಮೊಳ ತಗಡು

ಮಾವನ ಎರಡು ಕೈಗೆ ಎರಡು ಬಣ್ಣ. ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಕಾವಲಿಯಷ್ಟು ಕಪ್ಪು. ಎಡಗೈ ಮಾತ್ರ ಬಿಸಿಲನ್ನೇ ಕಾಣದ ಹಾಗೆ ಎಣ್ಣೆಗೆಂಪು. ಆಯುಷ್ಯವಿಡೀ ಬಲಗೈಯನ್ನು ಪಿಕಪ್ಪಿನ ಕಿಟಕಿಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ, ಹೂವು ಹೊಡೆದವರು ಅವರು. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಗಿ ಜಗಲಿ ಹಿಡಿದ ಮೇಲೂ ಆ ಕಪ್ಪು ಇಳಿಯಲಿಲ್ಲ. "ಇದೊಂದು ಕೈ ಇನ್ನೂ ಡೂಟೀಲೇ ಅದೆ ಕಣಮ್ಮಿ" ಎಂದು ಅದನ್ನು ಸವರಿಕೊಂಡು ನಗುತ್ತಿದ್ದರು.

ಮಾವ ಅಂದರೆ ನೆಂಟರಲ್ಲ, ಪಕ್ಕದ ಮನೆಯವರು. ನಾನು ಉಡಿಗಾಲದಿಂದ ಮದುವೆಯಾಗಿ ತೆರಕಣಾಂಬಿಗೆ ಬಂದಾಗ ನನ್ನ ಮಂಚ, ಬೀರು, ಪಾತ್ರೆ ಸಾಮಾನೆಲ್ಲ ಬಂದಿದ್ದು ಅವರ ಪಿಕಪ್ಪಿನಲ್ಲಿ. ಹೊಸ ಮನೆ, ಹೊಸ ಜನ, ಯಾರ ಮುಖ ನೋಡುವುದಕ್ಕೂ ಭಯ. ಅವರು ಹಗ್ಗ ಬಿಚ್ಚಿ, ಬೀರು ಇಳಿಸಿ, ಗಂಡಸರನ್ನೆಲ್ಲ ಬಿಟ್ಟು ನನ್ನನ್ನೇ ಕರೆದು, "ಬಾ ಅಮ್ಮಿ, ನಿನ್ ಬೀರು ಕನ್ನಡೀಲಿ ನಿನ್ ಮುಖ ನೋಡ್ಕೊ, ಒಂದ್ ಗೀರು ಬಿದ್ದಿದ್ರೂ ನನ್ನ ಕೇಳು" ಎಂದರು. ಈ ಊರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅವರೇ. ಉಳಿದವರು ಇನ್ನೂ ಬೀರು ಎಷ್ಟು ಬಾಳುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು.

ಅವರ ಗಾಡಿಗೆ ಮೂತಿಯಿತ್ತು. ಎಂಜಿನ್ನು ಮುಂದೆ ಬಾನೆಟ್ಟಿನ ಕೆಳಗೆ, ಡ್ರೈವರು ಅದರ ಹಿಂದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡ ಮೂರು ಬೆರಳನ್ನು ಬಾನೆಟ್ಟಿನ ಮೇಲೂ ಎಳೆದು, ಆಮೇಲೆ ಚಾವಿ ತಿರುಗಿಸುತ್ತಿದ್ದರು. ಅದು ಬಿಟ್ಟರೆ ಬೇರೆ ಯಾವ ಅಲಂಕಾರವೂ ಇಲ್ಲ. ಸಂತೆಮಾಳದಲ್ಲಿ ನಿಲ್ಲುವ ಮೂತಿಯಿಲ್ಲದ ಸಣ್ಣ ಗಾಡಿಗಳವರು ಕುಚ್ಚು ಕಟ್ಟಿ, ಬಣ್ಣದ ದೀಪ ಹಾಕಿ, ಕನ್ನಡಿಗೆ ಕಾಡಿಗೆ ತೀಡಿದಂಥ ಕಣ್ಣು ಅಂಟಿಸಿಕೊಂಡು ಬಂದರೆ ಮಾವ ಸುತ್ತ ಒಂದು ರೌಂಡು ಹಾಕಿ, "ಮೂಗೇ ಇಲ್ಲ, ಮೂಗುತಿ ಬೇರೆ ಇಕ್ಕೀರಲ್ಲಾ" ಎಂದು ಬಿಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ.

ಯಾಕೆ ಅಂತ ನನಗೆ ಗೊತ್ತಾಗಿದ್ದು ತುಂಬ ತಡವಾಗಿ, ಅದೂ ಅವರು ಒಂದೇ ಸಲ ಬಾಯಿಬಿಟ್ಟಾಗ. ಗುಂಡ್ಲುಪೇಟೆ ರಸ್ತೆಯಲ್ಲಿ ಅವರೂ ಅವರ ಜೊತೆಗಾರನೂ ಕೋಸು ತುಂಬಿಕೊಂಡು ಒಬ್ಬರ ಹಿಂದೆ ಒಬ್ಬರು ಹೊರಟಿದ್ದರಂತೆ. ಜೊತೆಗಾರನದು ಮುಂದುಗಡೆ ಚಪ್ಪಟೆಯಾದ ಗಾಡಿ. ನಿಂತಿದ್ದ ಲಾರಿಗೆ ಹೋಗಿ ಗುದ್ದಿತು. ಹಾರೆ ತಂದು ತಗಡು ಬಿಡಿಸುವವರೆಗೆ ಮಾವ ಅವನ ಕೈ ಹಿಡಿದುಕೊಂಡೇ ನಿಂತಿದ್ದರು. ಅವನು ಪೂರಾ ಎಚ್ಚರವಾಗಿಯೇ ಇದ್ದನಂತೆ. "ಕೋಸ ನಿನ್ ಗಾಡಿಗೆ ಆಕೊಂಡು ಓಗು, ಬಾಡೋಯ್ತದೆ" ಅಂದನಂತೆ. ಬಿಡಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. "ಅವನ ಮಂಡಿ ಮುಂದೆ ಒಂದು ಮೊಳ ತಗಡಿದ್ದಿದ್ರೆ ಇವತ್ತು ಇಲ್ಲಿ ಕೂತು ಎಲೆ ಅಡಿಕೆ ಆಕೊಳ್ಳೋನು" ಎಂದು ಮಾವ ಜಗಲಿಯ ಖಾಲಿ ಜಾಗವನ್ನು ತಟ್ಟಿ ತೋರಿಸಿದರು. ನಾನು ಕಾಫಿ ತಂದಿದ್ದೆ. ಲೋಟ ಕೈಯಲ್ಲೇ ಆರಿಹೋಯಿತು.

ನನಗೂ ಅವರಿಗೂ ಹೂವಿನ ನಂಟು. ಅತ್ತೆ ಮನೆಯ ಅರ್ಧ ಎಕರೆಗೆ ನಾನು ಚೆಂಡುಹೂ ಹಾಕುತ್ತೇನೆ ಅಂದಾಗ ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಹೂ ಬಿಟ್ಟ ವಾರವೇ ಕೇರಳದ ವ್ಯಾಪಾರಿ ಕೈ ಎತ್ತಿದ. ಮೂಟೆಗಳ ಪಕ್ಕ ಕೂತು ನಾನು ಅಳುತ್ತಿದ್ದೆ, ಗಂಡ ಬೈಯುತ್ತಿದ್ದ. ಮಾವ ಯಾರನ್ನೂ ಕೇಳದೆ ಗಾಡಿ ಹಿಂದಕ್ಕೆ ಹಾಕಿ, "ಅಳೋದು ಗಾಡೀಲಿ ಅಳೀವಂತೆ, ಹತ್ತು" ಎಂದರು. ರಾತ್ರಿ ಕಾಡಿನ ಗೇಟು ಮುಚ್ಚುವ ಮೊದಲೇ ಬಂಡೀಪುರ ದಾಟಿಸಿ, ಆಚೆ ಕಡೆ ಮೂರು ಅಂಗಡಿ ಸುತ್ತಿಸಿ ಅಷ್ಟನ್ನೂ ಮಾರಿಸಿದರು. ಇವತ್ತು ನಾನು ನನ್ನ ಕೈ ದುಡಿಮೆಯಲ್ಲಿ ಉಣ್ಣುತ್ತಿದ್ದೇನೆ ಅಂದರೆ ಅದು ಆ ದಿನದ ಋಣ.

ಅವರ ಕಣ್ಣು ಒಂದೇ ಸಲ ಹೋಗಲಿಲ್ಲ. ಮೊದಲು ಸಂಜೆ ಹೊತ್ತು ಹೋಯಿತು, ಆಮೇಲೆ ಪಕ್ಕಗಳು ಹೋದವು. ಮೈಸೂರಿನ ಡಾಕ್ಟರು ಮೊದಲೇ ಬರಬೇಕಿತ್ತು ಅಂದರು. ಮೊದಲೇ ಹೋದವರಿಗೂ ಅವರು ಅದನ್ನೇ ಅನ್ನುತ್ತಾರೆ. ಮಾವನಿಗೆ ಒಬ್ಬಳೇ ಮಗಳು. ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದವಳು, ಗಾಡಿ ಮಾರಲು ಯಾರೋ ಗಿರಾಕಿ ಬಂದ ದಿನ ಚಾವಿ ಎತ್ತಿಕೊಂಡು ಹೋಗಿ ಸ್ಟೇರಿಂಗ್ ಹಿಂದೆ ಕೂತಳು. ಹೊಲದಲ್ಲಿ ಅಪ್ಪನೇ ಕಲಿಸಿದ್ದ ಕೆಲಸ. ಊರು ಬಾಯಿಗೆ ಬಂದ ಹಾಗೆ ಆಡಿತು. ಹೂವು, ಕೋಸು ಸಾಗಿಸಬೇಕಾದಾಗ ಅದೇ ಊರು ಅವಳ ನಂಬರು ಕೇಳಿಕೊಂಡು ಬಂತು.

ಅಲ್ಲಿಂದ ಮಾವ ಕಿವಿಯಲ್ಲಿ ಗಾಡಿ ಓಡಿಸಿದರು. ಮಗಳು ಬಂದು ಸೇರುವವರೆಗೆ ಅನ್ನ ಮುಟ್ಟುತ್ತಿರಲಿಲ್ಲ. ಕೆರೆ ಏರಿ ತಿರುವಿನಲ್ಲಿ ಅವಳು ಗೇರು ಇಳಿಸಿದ್ದು ಕೇಳಿದ ಕೂಡಲೇ ಒಳಗೆ ಹೆಂಡತಿಗೆ, "ಬಂದ್ಳು, ತಟ್ಟೆ ಆಕು" ಅನ್ನುವರು. ಗಾಡಿ ನಿಂತ ಮೇಲೆ ಮಗಳಿಗೆ ಪಾಠ: "ಏರೀಲಿ ಯಾಕಮ್ಮಿ ಅಂಗೆ ಅರಚಿಸ್ದೆ? ಮೂರ್ರಲ್ಲಿ ಬರ್ಬೇಕಾಗಿತ್ತು." ಅವಳು ಚಪ್ಪಲಿ ಬಿಡುತ್ತ, "ನೀನೇ ಬಂದು ಓಡ್ಸು ಓಗು" ಅನ್ನುವಳು. ಇಬ್ಬರಿಗೂ ಆ ಜಗಳವಾದರೇನೇ ಊಟ ಸೇರುತ್ತಿದ್ದುದು.

ಹಳೆಯ ಡೀಸೆಲ್ ಎಂಜಿನ್ನು ಒಂದು ದಿನ ಕೈಕೊಟ್ಟಿತು. ಗುಂಡ್ಲುಪೇಟೆಯ ಮೆಕ್ಯಾನಿಕ್ಕು ಬಿಚ್ಚಿ ನೋಡಿ ಮುಚ್ಚಿಟ್ಟ. ಹೊಸ ಗಾಡಿ ಯಾವುದು ಅಂತ ಜಗಲಿಯಲ್ಲಿ ಒಂದು ತಿಂಗಳು ಪಂಚಾಯಿತಿ. ಪೆಟ್ರೋಲು ಅಂದರೆ ಮಾವ, "ಕುಡೀತದೆ, ಎಳಿಯಾಕಿಲ್ಲ" ಅನ್ನುವರು. ಗ್ಯಾಸು ಅಂದರೆ, "ಸಿಲಿಂಡ್ರು ಒತ್ಕೊಂಡು ತಿರುಗೋಕೆ ನಾವೇನು ಓಟ್ಲು ಇಟ್ಟಿದ್ದೀವಾ?" ಕರೆಂಟು ಅಂದರೆ, "ರಾಗಿ ಮಿಲ್ಲಿಗೇ ಕರೆಂಟಿಲ್ಲ, ಇವಳು ಗಾಡಿಗೆ ಆಕ್ತಾಳಂತೆ."

ಮಗಳು ಬಿಡಲಿಲ್ಲ. "ಅಪ್ಪ, ನಾನು ನಿನ್ನಂಗೆ ಕೇರಳಕ್ಕೆ ಓಗಲ್ಲ. ಗುಂಡ್ಲುಪೇಟೆ, ಚಾಮರಾಜನಗರ, ಬಾಳೆಕಾಯಿಗೆ ಕುದೇರು, ಅಷ್ಟೇಯ. ರಾತ್ರಿ ಚಾರ್ಜಿಗೆ ಆಕಿದ್ರೆ ಸಾಕು. ಡೀಸೆಲ್ಲಿಗೆ ದುಡಿದು ದುಡಿದು ಕೊಟ್ಟಿದ್ದು ಸಾಕಾಗ್ಬುಟ್ಟದೆ. ಕ್ಲಚ್ ತುಳಿದು ನನ್ ಎಡಮಂಡಿ ನೋಡು, ಮುದುಕೀದು ಆಗ್ಬುಟ್ಟದೆ."

ಮಂಡಿ ಅಂದ ಕೂಡಲೇ ಮಾವ ಜಗಲಿಯ ಖಾಲಿ ಜಾಗದ ಮೇಲೆ ಕೈ ಇಟ್ಟರು. "ಕರೆಂಟೇ ತಗೊ. ಯಾವ್ದಾರ ತಗೊ. ಮಂಡಿ ಮುಂದೆ ಮಾತ್ರ ಒಂದು ಮೊಳ ತಗಡಿರ್ಬೇಕು. ಇನ್ನೇನೂ ಕೇಳಾಕಿಲ್ಲ ನಾನು" ಎಂದರು.

ಅವಳ ಜೊತೆ ಶೋರೂಮುಗಳಿಗೆ ಹೋದವಳು ನಾನು. ಮೂತಿಯಿರುವ ಡೀಸೆಲ್ ಗಾಡಿಗಳು ಈಗ ಮೂಗು ಎತ್ತಿಕೊಂಡು, ಎದೆ ಉಬ್ಬಿಸಿಕೊಂಡು, ಜಗಳಕ್ಕೆ ನಿಂತ ಹಾಗೆ ನಿಂತಿದ್ದವು. ಅವು ನಮ್ಮ ಕೈಗೆ ಎಟಕುವವಲ್ಲ. ಎಟಕುವ ಕರೆಂಟಿನ ಗಾಡಿಗಳೆಲ್ಲ ಚಪ್ಪಟೆ ಮುಖದವು. ಶೋರೂಮಿನವನು, "ಮುಂದೆ ಮೂತಿಯ ಜಾಗ ಉಳಿಸಿದಷ್ಟೂ ಹಿಂದೆ ಲೋಡು ಜಾಸ್ತಿ ಮೇಡಂ, ಸಂದಿಯಲ್ಲೂ ತಿರುಗುತ್ತದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವಳು ಸೀಟಿನಲ್ಲಿ ಕೂತು ತನ್ನ ಮಂಡಿ ನೋಡಿಕೊಂಡಳು, ನನ್ನನ್ನು ನೋಡಿದಳು. ಬೇಡ ಅಂದರೆ ನಾಳೆಯಿಂದ ಉಣ್ಣುವುದು ಏನನ್ನು?

ಗಾಡಿ ಮನೆಗೆ ಬಂದ ಬೆಳಿಗ್ಗೆ ಬೀದಿಯವರೆಲ್ಲ ನೆರೆದಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗಿತ್ತು. ಮಾವ ಮಡಿಯುಟ್ಟು, ಬಲಗೈಯ ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು, ಎಡಗೈ ನನ್ನ ಹೆಗಲ ಮೇಲಿಟ್ಟು ಜಗಲಿ ಇಳಿದರು. ಬಾನೆಟ್ಟಿನ ಎತ್ತರಕ್ಕೆ ಅಂಗೈ ಚಾಚಿದರು. ಅಂಗೈ ನೆಟ್ಟಗಿನ ತಗಡಿಗೆ ಬಡಿಯಿತು. ಮೇಲಕ್ಕೆ ಸವರಿದರು, ವೈಪರು ಸಿಕ್ಕಿತು, ಗಾಜು ಸಿಕ್ಕಿತು. ಕೆಳಕ್ಕೆ ಸವರಿದರು, ದೀಪ ಸಿಕ್ಕಿತು.

"ಇದು ಮುಂದ್ಗಡೆನೋ ಇಂದ್ಗಡೆನೋ?" ಎಂದರು.

"ಮುಂದ್ಗಡೆ ಅಪ್ಪ" ಎಂದಳು ಮಗಳು.

"ಅತ್ತಿ ಕೂತ್ಕೊ."

ಅವಳು ಹತ್ತಿ ಕೂತಳು. ಅವರು ಬಾಗಿಲಿಂದ ಕೈ ತೂರಿಸಿ ಅವಳ ಮಂಡಿ ಮುಟ್ಟಿದರು. ಅಲ್ಲಿಂದ ಮುಂದಿನ ತಗಡಿನವರೆಗೆ ಬೆರಳು ಅಗಲಿಸಿ ಅಳೆದರು. ಹೆಬ್ಬೆರಳು ಮಂಡಿಯ ಮೇಲಿದ್ದರೆ ಕಿರುಬೆರಳು ತಗಡಿಗೆ ತಗುಲಿತು.

"ಮೊಳ ಕೇಳಿದ್ದೆ ಕಣವ್ವ. ಗೇಣು ತಂದ್ಬುಟ್ಟೆ" ಎಂದರು. ಕೂಗಲಿಲ್ಲ, ಬೈಯಲಿಲ್ಲ. ತಡವುತ್ತ ಮುಂದಕ್ಕೆ ಬಂದು ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಗಾಜಿನ ಕೆಳಗೆ ಎಳೆದು, "ಓಗಿ ಬಾ" ಎಂದು ತಿರುಗಿಕೊಂಡರು. ಆ ಗಾಡಿಯಲ್ಲಿ ಅವರು ಒಂದು ದಿನವೂ ಕೂರಲಿಲ್ಲ. ಅವರು ಬೈದಿದ್ದರೆ ನಮಗೆ ಎಷ್ಟೋ ವಾಸಿಯಾಗುತ್ತಿತ್ತು.

ಇನ್ನೊಂದು ಕಷ್ಟ ನಾವು ಯಾರೂ ಎಣಿಸಿರದಿದ್ದುದು. ಆ ಗಾಡಿಗೆ ಸದ್ದೇ ಇರಲಿಲ್ಲ. ಕೆರೆ ಏರಿಯಲ್ಲಿ ಬಂದರೂ ತಿಳಿಯದು, ಮನೆ ಮುಂದೆ ನಿಂತರೂ ತಿಳಿಯದು. ಹಾರನ್ನು ಹೊಡೆದರೆ ಬೀದಿಯಲ್ಲಿ ದಿನಕ್ಕೆ ನೂರು ಹಾರನ್ನು, ಯಾವುದು ಯಾರದು? ಮಾವ ಹಸಿದುಕೊಂಡು ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ, "ನಮ್ಮುಡುಗಿ ಬಂದ್ಳಾ?" ಎಂದು ಕೇಳುತ್ತಿದ್ದರು. ಒಂದು ಸಂಜೆ ನನ್ನನ್ನೂ ಕೇಳಿದರು. ಗಾಡಿ ಅವರ ಎದುರಿಗೇ ನಿಂತಿತ್ತು, ಮಗಳು ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದಳು. "ಬಂದವ್ಳೆ ಮಾವ, ಇಲ್ಲೇ ಅದೆ ಗಾಡಿ" ಎಂದೆ. ಅವರ ಮುಖ ನೋಡಲಾರದೆ ಒಳಗೆ ಹೋದೆ.

ಅದಕ್ಕೂ ಅವರೇ ದಾರಿ ಹುಡುಕಿದರು. ಹಿಂದೆ ಕ್ಲೀನರುಗಳು ಗಾಡಿಯ ಮೈ ತಟ್ಟುತ್ತಿದ್ದರಲ್ಲ, ಎರಡು ಏಟು ಅಂದರೆ ಹೊರಡು, ಒಂದು ಏಟು ಅಂದರೆ ನಿಲ್ಲು. "ಇಳಿದ್ಮೇಲೆ ಬಾಗ್ಲಿಗೆ ಒಂದು ಏಟು ಬುಡು. ನಿಂತ್ಕೊಂಡದೆ ಅಂತ ಗೊತ್ತಾಯ್ತದೆ" ಎಂದರು. ಅವತ್ತಿನಿಂದ ದಿನಾ ಸಂಜೆ ಧಡ್ ಅಂತ ಒಂದು ಏಟು. ಜಗಲಿಯಿಂದ "ಹೂಂ" ಅಂತ ಒಂದು ಉತ್ತರ. ಆಮೇಲೆ ತಟ್ಟೆಯ ಸದ್ದು. ನನ್ನ ಅಡಿಗೆಮನೆಗೆ ಮೂರೂ ಕೇಳುತ್ತಿದ್ದವು. ಗೇರಿನ ಜಗಳ ಮಾತ್ರ ಇಲ್ಲ, ಆ ಗಾಡಿಗೆ ಗೇರೇ ಇಲ್ಲವಲ್ಲ.

ಹೋದ ಸಲದ ಓಣಂ ಸಮಯ. ಚೆಂಡುಹೂವಿನ ಹೊರೆ ಜಾಸ್ತಿ, ಅವಳು ನಸುಕಿನಲ್ಲೇ ಹೊರಟು ಅವತ್ತು ಮಧ್ಯಾಹ್ನಕ್ಕೇ ಹಿಂತಿರುಗಿದಳು. ಮಾವ ಕಂಬಕ್ಕೆ ತಲೆ ಆನಿಸಿ ಕೂತಿದ್ದರು. ವಾರದಿಂದ ಅವರಿಗೆ ಕಾಲುರಿ, ನಿದ್ದೆಯಿರಲಿಲ್ಲ. ಈಗಲಾದರೂ ಕಣ್ಣು ಹತ್ತಿದೆಯಲ್ಲ, ಎಬ್ಬಿಸುವುದು ಬೇಡ ಅಂತ ಅವಳು ಏಟು ಹಾಕಲಿಲ್ಲ. ಬಾಗಿಲನ್ನೂ ಮೆಲ್ಲಗೆ ಒತ್ತಿ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಉಂಡಳು. ಅವರ ಹೆಂಡತಿ ತಟ್ಟೆ ಹಿಡಿದುಕೊಂಡು ಹೋಗಿ ಭುಜ ಮುಟ್ಟಿದಾಗ ಮೈ ತಣ್ಣಗಾಗಿತ್ತು.

ಡಾಕ್ಟರನ್ನು ಕೇಳಿದೆವು. ಅವಳು ಬರುವ ಮೊದಲೋ ಆಮೇಲೋ ಹೇಳಲಾಗದು ಅಂದರು. "ಒಂದು ಏಟು ಬುಟ್ಟಿದ್ರೆ ಅಪ್ಪ ಹೂಂ ಅಂತಿದ್ನೇನೋ ಅತ್ತಿಗೆ" ಎಂದು ಅವಳು ಇವತ್ತಿಗೂ ಕೇಳುತ್ತಾಳೆ. ಮೊದಲೇ ಹೋಗಿದ್ದರು ಕಣೆ ಅಂತ ಅಂದುಬಿಡುತ್ತೇನೆ. ನನಗೇನು ಗೊತ್ತು. ಮೈ ತೊಳೆಯುವಾಗ ಆ ಬಲಗೈ ಹಾಗೇ ಕಪ್ಪಗಿತ್ತು. ಸಮಾಧಿಗೆ ಕೂರಿಸಿ ವಿಭೂತಿ ಬಳಿದರೂ ಆ ಕಪ್ಪು ಕೆಳಗಿನಿಂದ ಕಾಣುತ್ತಿತ್ತು.

ಹನ್ನೊಂದು ದಿನ ಕಳೆದು ಅವಳು ಮತ್ತೆ ಗಾಡಿ ತೆಗೆದಳು. ಅದೇ ಗಾಡಿ, ಅದೇ ಗೇಣು. ಬೇರೆ ದಾರಿಯಿಲ್ಲ. ಲಾರಿಗಳ ರಸ್ತೆ ಅದು. ಅವಳು ಹೊರಟರೆ ಈಗ ನನ್ನ ಕಿವಿ ಬೀದಿಯ ಕಡೆಗೇ. ಆ ಸಂಜೆ ಒಲೆ ಮುಂದೆ ಇದ್ದೆ. ಧಡ್ ಅಂತ ಏಟು ಬಿತ್ತು, ಕೈಯ ಅಭ್ಯಾಸ. ಆಮೇಲೆ ಏನೂ ಇಲ್ಲ. ಕಿಟಕಿಯಲ್ಲಿ ನೋಡಿದರೆ ಅವಳು ಬಾಗಿಲ ಮೇಲೆ ಕೈ ಇಟ್ಟುಕೊಂಡು ಖಾಲಿ ಜಗಲಿಯ ಕಡೆ ತಿರುಗಿ ನಿಂತೇ ಇದ್ದಳು.

"ಹೂಂ" ಎಂದೆ ನಾನು, ಒಳಗಿನಿಂದಲೇ, ಅವಳಿಗೆ ಕೇಳುವಷ್ಟು.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವತ್ತಿನಿಂದ ದಿನಾ ಏಟು ಬೀಳುತ್ತದೆ, ದಿನಾ ಅನ್ನುತ್ತೇನೆ. ಗೇಣನ್ನು ಮೊಳ ಮಾಡುವುದು ನನ್ನ ಕೈಯಲ್ಲಿಲ್ಲ. ಹೂಂ ಅನ್ನುವುದು ಇದೆ, ಅನ್ನುತ್ತೇನೆ.