ಬೇಸಿಗೆಯಲ್ಲಿ ಸೋರುವ ಕೊಠಡಿ

ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ, ಕೆಲಸಕ್ಕೆ ಹೋಗೋಣವೆಂದು ಅವರ ಸ್ಕೂಟರಿನ ಡಿಕ್ಕಿ ತೆರೆದೆ. ರೇನ್‌ಕೋಟು, ಅಳತೆಯ ಟೇಪು, ಒಂದು ಉದ್ದನೆಯ ಟಾರ್ಚು. ಟಾರ್ಚಿನ ಮೇಲೆ ಉಗುರುಬಣ್ಣದಲ್ಲಿ ಬರೆದಿತ್ತು: 'ಆಯಮ್ಮ, ಎರಡನೇ ಕೊಠಡಿ. ತಗೊಂಡವರು ತಂದ್ಕೊಡಿ.'

ಅವರು ಕಟ್ಟಡ ರಿಪೇರಿಯ ಇಂಜಿನಿಯರ್. ಕಳೆದ ಮೂರು ಬೇಸಿಗೆಯಲ್ಲೂ ಮಕ್ಕಳ ಶಿಬಿರವೊಂದಕ್ಕೆ ಸೋರಿಕೆ ನೋಡಲು ಹೋಗುತ್ತಿದ್ದರು. ಬೇಸಿಗೆ ಶಿಬಿರದಿಂದ ಮಕ್ಕಳಿಗೇನು ಲಾಭ ಎಂದು ನಮ್ಮ ಪತ್ರಿಕೆಯ ಈ ವಾರದ ಪುರವಣಿಗೆ ನಾನು ಬರೆಯಬೇಕಿತ್ತು. ಟಾರ್ಚು ಅಲ್ಲಿಯದೇ ಇರಬೇಕು, ಅದನ್ನು ಕೊಡುವುದು, ಬರೆಯುವುದು ಎರಡೂ ಒಟ್ಟಿಗೇ ಆಗಲಿ ಎಂದು ಹೊರಟೆ. ಮೂರು ದಿನ ಅಲ್ಲೇ ಉಳಿದೆ.

ಬೆಳಗಿನ ಜಾವ ಐದು ಗಂಟೆ. ಎರಡನೇ ಕೊಠಡಿಯಲ್ಲಿ ಇಪ್ಪತ್ನಾಲ್ಕು ಕಬ್ಬಿಣದ ಮಂಚಗಳು, ಇಪ್ಪತ್ನಾಲ್ಕು ಹೆಣ್ಣುಮಕ್ಕಳು. ಆಯಮ್ಮ ಬರಿಗಾಲಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಹೊದಿಕೆಯ ಕೆಳಗೆ ಅಂಗೈ ಇಟ್ಟು ನೋಡುತ್ತಾರೆ. ಒಂಬತ್ತನೇ ಮಂಚದ ಬಳಿ ನಿಲ್ಲುತ್ತಾರೆ. ಹಾಸಿಗೆ ಒದ್ದೆ. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ. ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ. ಅವಳ ಬ್ಯಾಗು ಆಗಲೇ ಕಟ್ಟಿ ಸಿದ್ಧವಾಗಿದೆ.

ಆಯಮ್ಮ ಬಕೆಟ್ಟಿನಲ್ಲಿ ಚೊಂಬು ಅದ್ದುತ್ತಾರೆ. ಎಂಟನೇ ಹಾಸಿಗೆಯ ಅಂಚಿಗೆ ಅರ್ಧ ಚೊಂಬು, ಹತ್ತನೆಯದಕ್ಕೆ ಅರ್ಧ, ಹನ್ನೆರಡನೆಯದಕ್ಕೆ ಒಂದು. ಬಾಗಿಲ ಬಳಿ ತಮ್ಮದೇ ಚಾಪೆಗೆ ಉಳಿದದ್ದು. ಆಮೇಲೆ ಇಡೀ ಕಟ್ಟಡಕ್ಕೆ ಕೇಳುವಂತೆ ಗೊಣಗಾಟ ಶುರು: "ಏಳ್ರಮ್ಮ, ಏಳ್ರಿ. ಈ ದರಿದ್ರ ಟ್ಯಾಂಕು ಮತ್ತೆ ಸೋರಿದೆ. ನನ್ನ ಚಾಪೇನೂ ಬಿಟ್ಟಿಲ್ಲ."

ಕೊಠಡಿಯ ನೆತ್ತಿಯ ಮೇಲೆ ನೀರಿನ ಟ್ಯಾಂಕಿದೆ. ಅದು ಸೋರಿದ್ದನ್ನು ಯಾರೂ ಕಂಡಿಲ್ಲ. ಮಕ್ಕಳು ಎದ್ದು ಯಾರ ಹಾಸಿಗೆ ಹೆಚ್ಚು ನೆನೆದಿದೆ ಎಂದು ಪೈಪೋಟಿಗೆ ಬೀಳುತ್ತಾರೆ. ಹನ್ನೆರಡನೇ ಮಂಚದವಳು ಗೆದ್ದವಳಂತೆ ನಿಂತಿದ್ದಾಳೆ. ಒಂಬತ್ತನೇ ಮಂಚದವಳು ಮೆಲ್ಲನೆ ಎದ್ದು, ನನ್ನದೂ ಒದ್ದೆ ಎನ್ನುತ್ತಾಳೆ. ಯಾರೂ ತಿರುಗಿ ನೋಡುವುದಿಲ್ಲ. ಇಪ್ಪತ್ತನೇ ಮಂಚದವಳಿಗೆ ಮಾತ್ರ ಅಸಮಾಧಾನ: "ಆಯಮ್ಮ, ನನ್ನ ಹಾಸಿಗೆಗೆ ಯಾವತ್ತು?"

"ಸರದಿ ಬರುತ್ತೆ ತಾಳು" ಎನ್ನುತ್ತಾರೆ ಆಯಮ್ಮ, ನನ್ನ ಕೈಗೆ ಒಂದು ಹೊರೆ ದುಪ್ಪಟಿ ತುರುಕುತ್ತಾ. ಟಾರ್ಚು ನನ್ನ ಚೀಲದಲ್ಲೇ ಉಳಿಯಿತು.

ಆಯಮ್ಮನಿಗೆ ಐವತ್ತೆಂಟು. ಇಪ್ಪತ್ತೇಳು ಬೇಸಿಗೆಗಳಿಂದ ಇದೇ ಕೊಠಡಿ. ದಿನಕ್ಕೆ ಇಪ್ಪತ್ನಾಲ್ಕು ತಲೆ ಬಾಚುವುದು, ಇಪ್ಪತ್ನಾಲ್ಕು ಜೊತೆ ಚಪ್ಪಲಿಯಲ್ಲಿ ಕಳೆದ ಒಂದನ್ನು ಹುಡುಕುವುದು, ಆರರಿಂದ ಹನ್ನೆರಡು ದುಪ್ಪಟಿ ಒಗೆಯುವುದು. ಈ ಕೊನೆಯ ಕೆಲಸದಲ್ಲಿ ಮುಕ್ಕಾಲು ಪಾಲು ಅವರೇ ತಂದುಕೊಂಡದ್ದು.

ಯಾಕೆ ಎಂದು ಕೇಳಿದರೆ ದುಪ್ಪಟಿ ಹಿಂಡುತ್ತಲೇ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅವರು ಚಿಕ್ಕಮ್ಮನ ಮನೆಯಲ್ಲಿದ್ದರು. ಹಾಸಿಗೆ ಒದ್ದೆಯಾದ ದಿನ ಚಿಕ್ಕಮ್ಮ ಅದನ್ನು ಬೀದಿಗೆ ಕಾಣುವಂತೆ ಒಣಗಹಾಕಿ, ಪಕ್ಕದಲ್ಲಿ ಇವರನ್ನೂ ನಿಲ್ಲಿಸುತ್ತಿದ್ದರು. "ಹಾಸಿಗೆ ಮಧ್ಯಾಹ್ನಕ್ಕೇ ಒಣಗ್ತಿತ್ತು. ನಾನು ಒಣಗೋಕೆ ಬಹಳ ವರ್ಷ ಹಿಡೀತು."

ಶಿಬಿರದ ಕರಪತ್ರದಲ್ಲಿ ಹನ್ನೆರಡು ಲಾಭಗಳನ್ನು ಅಚ್ಚು ಹಾಕಿಸಿದ್ದಾರೆ. ಆತ್ಮವಿಶ್ವಾಸ, ನಾಯಕತ್ವ, ಹೀಗೆ. ಆಯಮ್ಮನ ಅಳತೆಗೋಲು ಒಂದೇ. ಮೊದಲ ಬೆಳಗ್ಗೆ ನಿಜಕ್ಕೂ ಒದ್ದೆಯಾದ ಹಾಸಿಗೆ ನಾಲ್ಕು. ಐದನೇ ದಿನಕ್ಕೆ ಎರಡು. ಹತ್ತನೇ ದಿನ ಚೊಂಬಿಗೆ ರಜೆ. "ಈಜ್ತವೆ, ಜಗಳ ಆಡ್ತವೆ, ಪಕ್ಕದ ಮಂಚದವಳ ಕೈ ಹಿಡ್ಕೊಂಡು ಮಲಗ್ತವೆ. ಹೆದರಿಕೆ ಹೋದ್ರೆ ಇದೂ ಹೋಗುತ್ತೆ. ಆದ್ರೆ ಅಲ್ಲೀವರೆಗೆ ಓಡಿಹೋಗದಂಗೆ ಉಳಿಸ್ಕೋಬೇಕಲ್ಲ."

ಉಳಿಯುವುದು ಈಗ ಆಯಮ್ಮನಿಗೇ ಕಷ್ಟವಾಗಿದೆ. ಈ ವರ್ಷ ನನ್ನ ಗಂಡ ಬರಲಾಗದೆ ಹೊಸ ಇಂಜಿನಿಯರ್ ಬಂದು, ಟ್ಯಾಂಕು ಗಟ್ಟಿಯಾಗಿದೆ, ಒಂದು ಹನಿಯೂ ಸೋರುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಹಾಗಾದರೆ ಹಾಸಿಗೆ ನೆನೆಯುವುದು ಹೇಗೆಂದು ಮ್ಯಾನೇಜರ್ ಮೇಡಂ ಎರಡು ನೋಟಿಸ್ ಕೊಟ್ಟಿದ್ದಾರೆ. ಎರಡಕ್ಕೂ ಆಯಮ್ಮನ ಉತ್ತರ, ಟ್ಯಾಂಕು ಸೋರುತ್ತದೆ. ಮೂರನೇ ನೋಟಿಸಿಗೆ ಕೆಲಸ ಹೋಗುತ್ತದೆ. ಮೊದಲ ಎರಡನ್ನು ಆಯಮ್ಮ ಮಡಚಿ ಕುಂಟುವ ಮಂಚವೊಂದರ ಕಾಲಡಿಗೆ ಕೊಟ್ಟಿದ್ದಾರೆ. ಮಂಚ ಈಗ ಅಲುಗುವುದಿಲ್ಲ.

ಮ್ಯಾನೇಜರ್ ಮೇಡಂಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ನನಗೆ ಹಳೆಯ ಫೈಲು ತೋರಿಸುತ್ತಾರೆ. ನನ್ನ ಗಂಡನ ಅಕ್ಷರ. ಮೂರು ವರ್ಷವೂ ಅದೇ ಮಾತು: 'ಸೋರಿಕೆ ಇದೆ. ಮೂಲ ಸಿಕ್ಕಿಲ್ಲ. ಮುಂದಿನ ಬೇಸಿಗೆಯಲ್ಲಿ ಬಂದು ನೋಡಬೇಕು.' ಅಷ್ಟು ಚುರುಕು ಮನುಷ್ಯನಿಗೆ ಇದೊಂದು ಹೇಗೆ ತಪ್ಪಿಹೋಯಿತು ಎಂದು ಅವರು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎಂದೆ. ಆಗ ನಿಜವಾಗಿಯೂ ಗೊತ್ತಿರಲಿಲ್ಲ.

ಹೇಳಿದ್ದು ಆಯಮ್ಮ. ಮೊದಲ ವರ್ಷ ನನ್ನ ಗಂಡ ನಸುಕಿನಲ್ಲೇ ಏಣಿ ಹತ್ತಿ ಪೈಪು ನೋಡುತ್ತಿದ್ದರಂತೆ. ಮೇಲಿನ ಗವಾಕ್ಷಿಯಿಂದ ಚೊಂಬು ಕಂಡಿದೆ. "ನನ್ನ ಕೆಲಸ ಹೋಯ್ತು ಅಂದ್ಕೊಂಡೆ. ಸಾರ್ ಇಳಿದು ಬಂದು, ಹನ್ನೆರಡನೇ ಮಂಚ ಬಿಟ್ಟಿದೀರಲ್ಲ ಆಯಮ್ಮ, ಪೈಪು ಹೋಗಿರೋದೇ ಅದರ ಮೇಲೆ, ಅಲ್ಲಿ ಸೋರದೇ ಇದ್ರೆ ಯಾರು ನಂಬ್ತಾರೆ ಅಂದ್ರು." ಎಲ್ಲೆಲ್ಲಿ ಸೋರಿದರೆ ಸಹಜ ಎಂದು ಒಂದು ನಕ್ಷೆಯನ್ನೂ ಬರೆದುಕೊಟ್ಟಿದ್ದಾರೆ. ಅದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಯೇ ಇದೆ. ಅಳತೆ ಸಮೇತ.

ಮೂರನೇ ಬೆಳಗ್ಗೆ ಆಯಮ್ಮ ಚೊಂಬು ಎತ್ತುವಾಗ ಬಾಗಿಲಲ್ಲಿ ಮ್ಯಾನೇಜರ್ ಮೇಡಂ ನಿಂತಿದ್ದಾರೆ. ಕೈಯಲ್ಲಿ ಕಾಗದ. ಆಯಮ್ಮನ ಕೈ ಹನ್ನೆರಡನೇ ಹಾಸಿಗೆಯ ಮೇಲೆ ಹಾಗೇ ನಿಂತಿದೆ. ಚೊಂಬಿನಿಂದ ನೀರು ತೊಟ್ಟಿಕ್ಕುತ್ತಿದೆ. ಒಂಬತ್ತನೇ ಮಂಚದವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ.

"ಟ್ಯಾಂಕು ಸೋರ್ತಿದೆ ಮೇಡಂ" ಎಂದರು ಆಯಮ್ಮ.

ಮೇಡಂ ಚೊಂಬು ನೋಡಿದರು. ಒಂಬತ್ತನೇ ಮಂಚ ನೋಡಿದರು, ಅದನ್ನು ಬಹಳ ಹೊತ್ತು ನೋಡಿದರು. ಕಾಗದವನ್ನು ಸಣ್ಣದಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

"ಹೌದು" ಎಂದರು. "ನಾನಿಲ್ಲಿ ಮಲಗ್ತಿದ್ದಾಗಲೂ ಸೋರ್ತಿತ್ತು." ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಆಮೇಲೆ ಬಟ್ಟೆ ಒಣಗಹಾಕುತ್ತಾ ಆಯಮ್ಮನನ್ನು ಕೇಳಿದೆ. ಮೇಡಂ ಇಲ್ಲೇ ಮಲಗುತ್ತಿದ್ದರೆಂಬುದನ್ನು ಮೊದಲೇ ಅವರಿಗೆ ನೆನಪಿಸಿದ್ದರೆ ನೋಟಿಸೇ ಬರುತ್ತಿರಲಿಲ್ಲವಲ್ಲ. ಮೇಡಂ ಚಿಕ್ಕವರಿದ್ದಾಗ ಅವರ ಹಾಸಿಗೆ ನಿಜಕ್ಕೂ ಒದ್ದೆಯಾಗಿತ್ತೇ?

"ಟ್ಯಾಂಕು ಸೋರ್ತಿತ್ತಮ್ಮ. ಎಲ್ಲರದ್ದೂ ಒದ್ದೆ."

ಬರೆಯಬಹುದೇ ಎಂದೆ. ಊರು, ಹೆಸರು ಬೇಡ ಎಂದರು. ಮಕ್ಕಳು ಪೇಪರ್ ಓದುವುದಿಲ್ಲ, ದೊಡ್ಡವರು ಓದಿದರೆ ಒಳ್ಳೆಯದೇ.

ಹೊರಡುವಾಗ ಟಾರ್ಚು ಕೊಟ್ಟೆ. ಆಯಮ್ಮ ಅದನ್ನು ತಿರುಗಿಸಿ ಉಗುರುಬಣ್ಣದ ಅಕ್ಷರ ನೋಡಿದರು. ಬೆಳಕು ಮಂಕಾಗಿದೆ, ಸರಿಮಾಡಿ ತರುತ್ತೇನೆ ಎಂದು ಸಾರ್ ಹೋದ ಬೇಸಿಗೆಯಲ್ಲಿ ಒಯ್ದದ್ದಂತೆ. ಗುಂಡಿ ಒತ್ತಿದರು. ಕೊಠಡಿಯ ಆಚೆ ಗೋಡೆಯವರೆಗೂ ಬೆಳಕು ಹೋಯಿತು. ಹೊಸ ಸೆಲ್ಲು ಹಾಕಿಟ್ಟಿದ್ದರು.

"ಅಯ್ಯೋ, ಮಂಕಾಗಿದ್ರೇನೇ ನನಗೆ ಅನುಕೂಲ ಇತ್ತು" ಎಂದರು ಆಯಮ್ಮ. "ಇದಕ್ಕೆ ಮಕ್ಕಳೆಲ್ಲ ಎದ್ದು ಕೂರ್ತವೆ."

ಗಾಜಿನ ಮೇಲೆ ಅಂಗೈ ಮುಚ್ಚಿದರು. ಬೆಳಕು ಬೆರಳ ಸಂದಿಯಲ್ಲಿ ಕೆಂಪಗೆ, ಒಂದು ಹಾಸಿಗೆ ಕಾಣುವಷ್ಟು ಉಳಿಯಿತು.

"ಇಷ್ಟು ಸಾಕು" ಎಂದರು.