ಸುಮ್ನೆ ಜೋಡಿಸ್ದೆ

ಎಲ್ಲಿಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಕಾಯುವಾಗ ಹಳೆಯ ವಾರಪತ್ರಿಕೆಗಳನ್ನು ತಿಂಗಳ ಪ್ರಕಾರ ಇಡುತ್ತೇನೆ. ನೆಂಟರ ಮನೆಯಲ್ಲಿ ತಲೆಕೆಳಗಾಗಿ ನಿಂತ ಪುಸ್ತಕವನ್ನು ಯಾರೂ ನೋಡದಾಗ ನೆಟ್ಟಗೆ ಮಾಡುತ್ತೇನೆ. ನಾನು ಮತ್ತಿಕೆರೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಇದು ವೃತ್ತಿಯಿಂದ ಬಂದ ಚಟವೋ, ಈ ಚಟವೇ ನನ್ನನ್ನು ವೃತ್ತಿಗೆ ಎಳೆದು ತಂದಿತೋ ಹೇಳಲಾರೆ.

ನಮ್ಮ ಸಂಬಳದ ಮಾತೆತ್ತಿದರೆ ಜನ, "ಆದ್ರೂ ತೃಪ್ತಿ ಇದೆಯಲ್ಲಾ ಸರ್" ಅನ್ನುತ್ತಾರೆ. ಇದೆ. ಪರೀಕ್ಷೆ ಹತ್ತಿರವಾದಾಗ ಹುಡುಗರು ಬೇಕಾದ ಪುಸ್ತಕವನ್ನು ಬೇರೆಯವರಿಗೆ ಸಿಗದಿರಲೆಂದು ಇನ್ಯಾವುದೋ ಕಪಾಟಿನಲ್ಲಿ ಬಚ್ಚಿಡುತ್ತಾರೆ. ವಚನ ಸಾಹಿತ್ಯದ ಹಿಂದಿನಿಂದ ಥರ್ಮೋಡೈನಮಿಕ್ಸನ್ನು ಎಳೆದು ತೆಗೆದು, ಅಳುವುದೊಂದು ಬಾಕಿಯಿದ್ದ ಹುಡುಗಿಯ ಕೈಗಿಟ್ಟಾಗ ಆಗುವ ಸುಖ ದೊಡ್ಡದು. ಆದರೆ ಅದನ್ನು ನಮ್ಮ ಮನೆ ಓನರು ಬಾಡಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದಕ್ಕೇ ಹೆಂಡತಿ ಸುಧಾ ಹೆಬ್ಬಾಳದ ಕಂಪನಿಯೊಂದರಲ್ಲಿ ನನಗೊಂದು ಕೆಲಸ ಹುಡುಕಿದಳು. ಅವರ ದಾಖಲೆಗಳನ್ನೆಲ್ಲ ವಿಂಗಡಿಸಿಡುವುದು. ಸಂಬಳ ಈಗಿನದರ ಎರಡರಷ್ಟಾದರೂ ಕೇಳಬಹುದು. ಸಂದರ್ಶನದ ದಿನ "ದುಡ್ಡಿನ ಮಾತು ಬಂದ್ರೆ ನಾಚ್ಕೋಬೇಡಿ ಕಣ್ರೀ" ಎಂದು ಬಾಗಿಲಲ್ಲೇ ಪಾಠ ಹೇಳಿ ಕಳಿಸಿದಳು.

ಅಲ್ಲಿ ಕಾಯುವ ಜಾಗದಲ್ಲಿ ಒಂದು ಪುಸ್ತಕದ ಕಪಾಟು. ಪುಸ್ತಕಗಳನ್ನು ಬಣ್ಣ ನೋಡಿ ಜೋಡಿಸಿದ್ದರು! ಕೆಂಪಗಿದ್ದ ತಪ್ಪಿಗೆ ಅಡುಗೆ ಪುಸ್ತಕವೊಂದು ತೆರಿಗೆ ಕಾನೂನಿನ ಪಕ್ಕ ಮುದುರಿ ನಿಂತಿತ್ತು. ನಾನು ಕುರ್ಚಿಯಿಂದ ಎದ್ದದ್ದು ನೆನಪಿದೆ. ಆಮೇಲಿನದು ಅಷ್ಟು ಸ್ಪಷ್ಟವಿಲ್ಲ. ಹೆಸರು ಹಿಡಿದು ಕರೆದರಂತೆ, ಕೇಳಿಸಲಿಲ್ಲ. ತಿರುಗಿದರೆ ಮ್ಯಾನೇಜರೇ ಬೆನ್ನ ಹಿಂದೆ ನಿಂತಿದ್ದರು.

"ಏನ್ ಮಾಡ್ತಿದ್ದೀರಾ ಸರ್?"

"ವಿಷಯದ ಪ್ರಕಾರ ಇಡ್ತಿದ್ದೆ."

"ಚೆನ್ನಾಗಿದೆ. ಇಂಥ ಕೆಲಸಕ್ಕೆ ಎಷ್ಟು ತಗೋತೀರಾ?"

"ಇದಕ್ಕಾ? ಅಯ್ಯೋ, ಸುಮ್ನೆ ಜೋಡಿಸ್ದೆ, ಬಿಡಿ."

ಸಂಜೆಯೇ ಫೋನ್ ಬಂತು. ಕೆಲಸ ಕೊಡುತ್ತಾರಂತೆ, ಕಾಲೇಜಿನಷ್ಟೇ ಸಂಬಳಕ್ಕೆ. ನಾನು ಒಲ್ಲೆನೆಂದೆ. ಸುಧಾ ಹಣೆ ಚಚ್ಚಿಕೊಂಡಳು.

"ಸಂಬಳ ಕೇಳೋಕೆ ಹೋಗಿ ಬಿಟ್ಟಿ ಕೆಲ್ಸ ಮಾಡ್ಕೊಟ್ಟು ಬಂದ್ರಲ್ರೀ! ನಿಮ್ಗೆ ಹೋಗೋಕೆ ಇಷ್ಟ ಇರ್ಲಿಲ್ಲ, ಬೇಕಂತಲೇ ಹಂಗಂದಿದ್ದೀರಾ."

ಹಾಗೇನಿಲ್ಲ ಎಂದೆ. ಡೈರಿ ಬರೆಯಲು ಕುಳಿತಾಗ ಮಾತ್ರ ಅವಳೇ ಸರಿಯೇನೋ ಅನ್ನಿಸಿತು. ಇನ್ನೊಂದೂ ಹೊಳೆಯಿತು: ಸಂಬಳ ಕಡಿಮೆಯೆಂದು ದೇವರು ನಮಗೆ ತೃಪ್ತಿ ಕೊಟ್ಟದ್ದಲ್ಲ, ತೃಪ್ತಿ ಮುಖದ ಮೇಲೇ ಕಾಣುವುದರಿಂದ ಸಂಬಳ ಕಡಿಮೆ.

ಮರುದಿನ ಸಂಬಳ ಹೆಚ್ಚಿಸಿ ಎಂದು ಕೇಳಲು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಫೋನಿನಲ್ಲಿದ್ದರು. ಮೇಜಿನ ಮೇಲೆ ಫೈಲುಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಕೈ ಹೊರಟಿತು. ಹಿಂದಕ್ಕೆಳೆದು ಜೇಬಿಗೆ ತುರುಕಿದೆ. ಅವರು ಫೋನಿಟ್ಟು ಫೈಲುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ರೀ, ಮೈ ಸರಿಯಿಲ್ವಾ?"

"ಮೈ ಸರಿಯಾಗಿದೆ ಸರ್, ಸಂಬಳ ಸರಿಯಿಲ್ಲ" ಎಂದೆ. ಎಂದೆ ಅಂತಲೇ ನನ್ನ ನೆನಪು, ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಕೈ ಜೇಬಿನಲ್ಲೇ ಇತ್ತೆನ್ನುವುದು ಮಾತ್ರ ಖಂಡಿತ.